ಪರದೆ ಮುಂದಿನ ಜಾಗ

ನಮ್ಮ ತಾತನಿಗೆ ಸಿನಿಮಾಗಳ ಹೆಸರು ನೆನಪಿರುತ್ತಿರಲಿಲ್ಲ. ಟೀವಿಯಲ್ಲಿ ಹಳೇ ಪಿಕ್ಚರ್ ಶುರುವಾದರೆ ಗೋಡೆಗೆ ಒರಗಿ ಕೂತು, ವೀಳ್ಯದೆಲೆಗೆ ಸುಣ್ಣ ಸವರುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನಮ್ಮೂರೋನು ಅವ್ನೇನ್ಲಾ ಇದ್ರಾಗೆ?"

ಅವನೆ ಅಂದರೆ ಕೂರುತ್ತಿದ್ದರು. ಇಲ್ಲ ಅಂದರೆ ಎಲೆ ಬಾಯಿಗೆ ಹಾಕಿಕೊಂಡು ತೋಟದ ಕಡೆ ಎದ್ದು ಹೋಗುತ್ತಿದ್ದರು. ಹೀರೋ ಎಷ್ಟು ದೊಡ್ಡವನಾದರೂ ಸರಿ, ಅವರನ್ನು ಹಿಡಿದು ಕೂರಿಸಲು ಆಗುತ್ತಿರಲಿಲ್ಲ.

ನಮ್ಮೂರೋನು ಅಂದರೆ ಹಾಸ್ಯನಟ ನರಸಿಂಹರಾಜು. ಟಿ.ಆರ್. ನರಸಿಂಹರಾಜು. ಆ 'ಟಿ' ಅಂದರೆ ತಿಪಟೂರು. ನಮ್ಮದು ತಿಪಟೂರು ಪೇಟೆಯೇನಲ್ಲ, ಸೈಕಲ್ ತುಳಿದರೆ ಒಂದು ಗಂಟೆ ಆಗುವಷ್ಟು ದೂರದ ಹಳ್ಳಿ. ಆದರೆ ತಾತ ಕೊಬ್ಬರಿ ಹಾಕುತ್ತಿದ್ದದ್ದು ತಿಪಟೂರಿನ ಮಾರ್ಕೆಟ್ಟಿಗೆ. ಹಾಗಾಗಿ ಅವರ ಲೆಕ್ಕದಲ್ಲಿ ತಿಪಟೂರಿನವರೆಲ್ಲ ನಮ್ಮೂರಿನವರೇ. ನರಸಿಂಹರಾಜು ಹುಟ್ಟಿದ್ದು 1923ರಲ್ಲಿ, ಅಂದರೆ ತಾತನಿಗಿಂತ ಒಂದೆರಡು ವರ್ಷ ದೊಡ್ಡವರೇ ಇರಬೇಕು. ಆದರೂ ಏಕವಚನ. ಇಷ್ಟವಾದ ನಟನನ್ನು ಬಹುವಚನದಲ್ಲಿ ಕರೆಯೋದು ನಮ್ಮ ಕಡೆ ರೂಢಿಯಲ್ಲಿಲ್ಲ. ಹಾಗೆ ಕರೆದರೆ ಅವನು ದೂರದವನಾಗಿಬಿಡುತ್ತಾನೆ.

ಆ ತೆಳ್ಳನೆ ಮೈ, ಮುಂದಕ್ಕೆ ಬಂದ ಹಲ್ಲು, ಕೀರಲು ದನಿ ಟೀವಿಯಲ್ಲಿ ಕಾಣಿಸಿಕೊಂಡ ತಕ್ಷಣ ತಾತ ಇನ್ನೊಂದು ಮಾತು ಹೇಳುತ್ತಿದ್ದರು. "ಇವ್ನು ಪರದೆ ಮುಂದೆ ನಿಂತೋನು ಕಣ್ಲಾ." ನನಗೆ ಅರ್ಥವಾಗುತ್ತಿರಲಿಲ್ಲ. ಸಿನಿಮಾದವರೆಲ್ಲ ಪರದೆ ಮೇಲೆ ತಾನೇ ಇರೋದು? ಮುಂದೆ ನಿಲ್ಲೋದು ಅಂದರೇನು? ಕೇಳಿದರೆ ತಾತ ಉತ್ತರ ಕೊಡುತ್ತಿರಲಿಲ್ಲ. ಬಾಯ್ತುಂಬ ಎಲೆ ಅಡಿಕೆ ಇರುತ್ತಿತ್ತು.

ಆ ಮಾತು ಅರ್ಥವಾಗಲು ನಾನೇ ಒಂದು ಸಲ ಅಲ್ಲಿ ಹೋಗಿ ನಿಲ್ಲಬೇಕಾಯಿತು.

ನಮ್ಮ ಕಡೆ ನಾಟಕದ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಇವತ್ತಿಗೂ ನಡೆಯುತ್ತದೆ. ಅದರಲ್ಲೂ ಕುರುಕ್ಷೇತ್ರ ಅಂದರೆ ಜನ ಸಾಯುತ್ತಾರೆ. ಸುಗ್ಗಿ ಮುಗಿದ ಮೇಲೆ, ಜಾತ್ರೆ ಸಮಯಕ್ಕೆ, ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಾಗುವವರೆಗೂ ಆಟ. ಇಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ. ನಟನೇ ದುಡ್ಡು ಕೊಟ್ಟು ಪಾತ್ರ ತಗೊಳ್ಳಬೇಕು. ದುರ್ಯೋಧನ, ಕೃಷ್ಣ, ಭೀಮ ಇವರೆಲ್ಲ ದುಬಾರಿ. ಕಂದ ಪದ್ಯಗಳು ಜಾಸ್ತಿ, ಹಾಡು ಜಾಸ್ತಿ, ಹಾರ ಜಾಸ್ತಿ, ಹಾಗಾಗಿ ರೇಟೂ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ತಾಲೀಮು ಕೊಡುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ದ್ರೌಪದಿ, ಉತ್ತರೆ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ, ಅವರಿಗೆ ಮಾತ್ರ ಸಂಭಾವನೆ. ದುರ್ಯೋಧನ ಒಂದು ಪದ ಎಳೆದು ಮುಗಿಸುವಷ್ಟರಲ್ಲಿ ಅವನ ಭಾವಮೈದ ಸ್ಟೇಜ್ ಹತ್ತಿ ಹಾರ ಹಾಕಿ, ನೋಟು ಪಿನ್ನು ಮಾಡಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾನೆ. ಅಷ್ಟು ಹೊತ್ತು ಯುದ್ಧ ನಿಂತಿರುತ್ತದೆ.

ಕೆಲವು ವರ್ಷಗಳ ಹಿಂದೆ ನಾನೂ ಒಂದು ಪಾತ್ರ ತಗೊಂಡೆ. ಸಾತ್ಯಕಿ. ರೇಟ್ ಪಟ್ಟಿಯ ಕೊನೆಯಲ್ಲಿ ಇದ್ದವನು ಅವನೇ.

ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಮುಂದೆ ಬೀದಿ ಪರದೆ, ಅಂದರೆ ಬೀದಿಯ ಚಿತ್ರ ಬರೆದ ಪರದೆ, ಬಿಟ್ಟಿದ್ದರು. ಹಿಂದೆ ಗೀತೋಪದೇಶದ ಸೀನಿಗೆ ರಥ ಸಿದ್ಧವಾಗುತ್ತಿತ್ತು. ಕೃಷ್ಣ ಸ್ವಲ್ಪ ದಪ್ಪಗಿದ್ದರು. ಅವರು ಹತ್ತಿದ ತಕ್ಷಣ ರಥದ ಚಕ್ರ ಕಿತ್ತುಕೊಂಡು ಬಂತು. ಮೇಷ್ಟ್ರು ಹಾರ್ಮೋನಿಯಂ ಹಿಂದಿನಿಂದ ನನ್ನ ಕಡೆ ಕಣ್ಣು ಬಿಟ್ಟು, "ಹೋಗು, ಏನಾದ್ರೂ ಮಾತಾಡ್ತಾ ಇರು, ಎರಡೇ ನಿಮಿಷ" ಅಂದರು. ಹೋದೆ. "ಎಲೈ ಪ್ರಜೆಗಳಿರಾ" ಅಂದೆ. ಅಷ್ಟೇ. ಮುಂದೇನೂ ಬರಲಿಲ್ಲ. ಕೈಯಲ್ಲಿ ಕತ್ತಿ, ತಲೆ ಮೇಲೆ ಕಿರೀಟ, ಮುಂದೆ ಮುನ್ನೂರು ಜನ. ಹಿಂದೆ ಸುತ್ತಿಗೆ ಸದ್ದು. ಯಾರೋ ಕತ್ತಲಿಂದ ಕೂಗಿದರು, "ಸಾತ್ಯಕಿ, ಟೀ ಕುಡ್ದು ಬಾರಪ್ಪೋ!"

ನನ್ನನ್ನು ಉಳಿಸಿದ್ದು ನಮಗೆ ಬಣ್ಣ ಹಚ್ಚಲು ಬಂದಿದ್ದ ಮುದುಕರು. ಹುಡುಗನಾಗಿದ್ದಾಗ ಯಾವುದೋ ಸಣ್ಣ ನಾಟಕ ಕಂಪನಿಯಲ್ಲಿ ಇದ್ದವರಂತೆ. ಲುಂಗಿ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಪೊರಕೆ ಹಿಡಿದು ಬಂದರು. "ಯಾದವ ಕುಲದೋರೇ, ಸ್ವಲ್ಪ ಕಾಲೆತ್ತಿ, ಕುರುಕ್ಷೇತ್ರ ಗುಡಿಸ್ಬೇಕು. ನಾಳೆ ಹದಿನೆಂಟು ಅಕ್ಷೋಹಿಣಿ ಜನ ಬರ್ತಾರೆ" ಅಂದರು. ಜನ ಘೊಳ್ಳೆಂದರು. ಅಲ್ಲಿಂದ ಶುರುವಾಯಿತು. ಸೈನ್ಯಕ್ಕೆ ಊಟ ಹಾಕೋರು ಯಾರು, ಆನೆ ಲದ್ದಿ ಎತ್ತೋರು ಯಾರು, ಪಂಚಾಯ್ತಿಯಿಂದ ಬಿಲ್ ಆಗುತ್ತೋ ಇಲ್ವೋ. ನಾನು ಸುಮ್ನೆ ಕಾಲೆತ್ತುತ್ತಾ ಇಳಿಸುತ್ತಾ ನಿಂತಿದ್ದೆ, ಅದಕ್ಕೂ ಜನ ನಕ್ಕರು. ಇದ್ದಕ್ಕಿದ್ದಂತೆ ಅವರು, "ಬಂದ ನೋಡಪ್ಪ ಸಾರಥಿ, ನನ್ನ ಕಸ ಎಲ್ಲಾ ತುಳ್ದಾಕ್ತಾನೆ" ಅಂತ ಪೊರಕೆ ಹೆಗಲ ಮೇಲೆ ಇಟ್ಟುಕೊಂಡು ಒಳಗೆ ಹೋದರು. ಪರದೆ ಮೇಲೆದ್ದಿತು. ರಥ ರೆಡಿ.

ಚಕ್ರ ಕೂತಿದ್ದು ಅವರಿಗೆ ಹೇಗೆ ಗೊತ್ತಾಯಿತು ಅಂತ ಬೆಳಿಗ್ಗೆ ಬಣ್ಣ ತೆಗೆಯುವಾಗ ಕೇಳಿದೆ. "ಸುತ್ತಿಗೆ ನಿಂತಿದ್ದು ಕೇಳಿಸ್ಲಿಲ್ವ?" ಅಂದರು. "ಮಾತಾಡ್ತಾ ಇರೋವಾಗ ಒಂದು ಕಿವಿ ಹಿಂದಕ್ಕಿರ್ಬೇಕು ಸ್ವಾಮಿ."

ಆಗ ತಾತ ನೆನಪಾದರು.

ಹಳೇ ಕಂಪನಿ ನಾಟಕಗಳಲ್ಲಿ ಇದು ಅವಘಡ ಆಗಿರಲಿಲ್ಲ, ಕೆಲಸವೇ ಆಗಿತ್ತು. ದರ್ಬಾರು, ಕಾಡು, ಕೈಲಾಸ ಇಂಥ ದೊಡ್ಡ ಸೀನುಗಳಿಗೆ ಸ್ಟೇಜಿನ ಪೂರ್ತಿ ಆಳ ಬೇಕು. ಅದನ್ನು ಜೋಡಿಸಲು ಹೊತ್ತು ಬೇಕು. ಅಷ್ಟು ಹೊತ್ತು ಮುಂದೆ ಬೀದಿ ಪರದೆ ಬಿಟ್ಟು, ಅದರ ಮುಂದಿನ ಮೂರು ನಾಲ್ಕು ಅಡಿ ಜಾಗದಲ್ಲಿ ಹಾಸ್ಯ ನಡೆಯುತ್ತಿತ್ತು. ಗಂಡ ಹೆಂಡತಿ ಜಗಳ, ಕಳ್ಳ ಪೊಲೀಸು, ಜಿಪುಣ ಶೆಟ್ಟಿ, ಹೀಗೆ. ಹಿಂದೆ ಬೇಗ ಮುಗಿದರೆ ಹಾಸ್ಯವೂ ಬೇಗ ಮುಗಿಯಬೇಕು. ತಡವಾದರೆ ಎಳೆಯಬೇಕು, ಆದರೆ ಎಳೆದ ಹಾಗೆ ಕಾಣಬಾರದು. ರಾಜನ ಪಾತ್ರದವನಿಗೆ ಹಿಂದೆ ಕಂಬ, ಸಿಂಹಾಸನ, ಲೈಟು ಎಲ್ಲಾ ಇರುತ್ತದೆ. ಹಾಸ್ಯದವನಿಗೆ ಹಿಂದೆ ಅಲ್ಲಾಡುವ ಒಂದು ಬಟ್ಟೆ. ಅಷ್ಟೇ.

ಇದನ್ನು ಕೀಳು ಕೆಲಸ ಅಂದುಕೊಂಡವರಿಗೆ ನಮ್ಮ ಜಿಲ್ಲೆಯದೇ ಒಂದು ಉತ್ತರ ಇದೆ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ್ದು. ವೀರಣ್ಣನವರು ಚಿಕ್ಕ ಹುಡುಗನಾಗಿ ಆ ಕಂಪನಿ ಸೇರಿ, 1917ರಲ್ಲಿ ಅದರ ಒಡೆಯರಾದರು. ಸ್ಟೇಜಿನ ಮೇಲೆ ಆನೆ, ಕುದುರೆ ತರಿಸಿದ ಕಂಪನಿ ಅದು. ಅದರ ಯಜಮಾನರು ಯಾವ ಪಾತ್ರ ಬೇಕಾದರೂ ಮಾಡಬಹುದಿತ್ತು, ಕೇಳೋರು ಯಾರು? ಆದರೆ ಜನ ಅವರನ್ನು ಇವತ್ತಿಗೂ ನೆನೆಸಿಕೊಳ್ಳುವುದು 'ಸದಾರಮೆ' ನಾಟಕದ ಕಳ್ಳನಾಗಿ. ಯಜಮಾನನೇ ಹಾಸ್ಯಕ್ಕೆ ನಿಂತ ಕಂಪನಿ. ಅಲ್ಲಿ ಹಾಸ್ಯದವನಿಗೆ ಎಷ್ಟು ಮರ್ಯಾದೆ ಇತ್ತು ಅಂತ ಬೇರೆ ಹೇಳಬೇಕಾಗಿಲ್ಲ. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರದ ಮುಂದೆ ನಾನು ದಿನಾ ಹಾದು ಹೋಗುತ್ತೇನೆ. ಒಳಗೆ ಬಹಳ ಸಲ ಸನ್ಮಾನ ಸಮಾರಂಭವೇ ನಡೀತಿರುತ್ತದೆ, ಅದು ಬೇರೆ ವಿಷಯ.

ನರಸಿಂಹರಾಜು ಕಲಿತದ್ದು ಇಂಥ ಶಾಲೆಗಳಲ್ಲಿ. ನಾಲ್ಕೈದು ವರ್ಷದ ಮಗುವಾಗಿದ್ದಾಗಲೇ ಸಿ.ಬಿ. ಮಲ್ಲಪ್ಪನವರ ಕಂಪನಿಗೆ ಸೇರಿದರು. ಲೋಹಿತಾಶ್ವ, ಪ್ರಹ್ಲಾದ, ಕೃಷ್ಣ, ಕಂಪನಿಯ ಹುಡುಗರಿಗೆ ಸಿಗುತ್ತಿದ್ದ ಪಾತ್ರಗಳೇ ಅವರಿಗೂ ಸಿಕ್ಕವು. ಆಮೇಲೆ ಕಂಪನಿಯಿಂದ ಕಂಪನಿಗೆ ಅಲೆದು, ಗುಬ್ಬಿ ಕಂಪನಿಯನ್ನೂ ಕಂಡರು. ಕಂಪನಿಯಲ್ಲಿ ಬೆಳೆದ ಹುಡುಗ ಒಂದು ಪಾತ್ರ ಕಲಿಯುವುದಿಲ್ಲ, ಪೂರ್ತಿ ನಾಟಕ ಕಲಿಯುತ್ತಾನೆ. ಯಾರಿಗೋ ಜ್ವರ ಬಂದರೆ ಅವನೇ ರಾಜ, ಅವನೇ ಋಷಿ, ಅವನೇ ಸೇವಕ. ಸಿನಿಮಾಕ್ಕೆ ಬರುವ ಹೊತ್ತಿಗೆ ನರಸಿಂಹರಾಜು ಅವರಿಗೆ ಮೂವತ್ತು ವರ್ಷ ದಾಟಿತ್ತು. ಅದರಲ್ಲಿ ಇಪ್ಪತ್ತೈದಕ್ಕೂ ಜಾಸ್ತಿ ವರ್ಷ ಬಣ್ಣದಲ್ಲೇ ಕಳೆದಿತ್ತು. ಹೊಸಬ ಅಂತ ಕರೆಯೋದು ಹೇಗೆ?

1954ರ 'ಬೇಡರ ಕಣ್ಣಪ್ಪ' ಅವರ ಮೊದಲ ಸಿನಿಮಾ. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾನೂ ಅದೇ. ಗುಬ್ಬಿ ಕಂಪನಿಯ ನಂಟಿನಿಂದಲೇ ಹುಟ್ಟಿದ ಚಿತ್ರ, ನಿರ್ದೇಶನ ಎಚ್.ಎಲ್.ಎನ್. ಸಿಂಹ. ಅದರಲ್ಲಿ ಜಿ.ವಿ. ಅಯ್ಯರ್ ದೇವಸ್ಥಾನದ ಅರ್ಚಕ, ಆ ಅರ್ಚಕನ ಮಗ ಕಾಶಿಯಾಗಿ ನರಸಿಂಹರಾಜು. ಈ ಕಾಶಿ ಬರೀ ನಗಿಸುವವನಲ್ಲ. ಸೋಗಲಾಡಿ, ಶೋಕಿಲಾಲ, ಒಳಗೊಳಗೇ ಕೇಡಿಗ. ನಗುತ್ತಾ ನಗುತ್ತಾ ಇವನನ್ನು ನಂಬಬಾರದು ಅಂತಲೂ ನಮಗೆ ಅನಿಸುತ್ತಿರುತ್ತದೆ. ಮೊದಲ ಪಾತ್ರದಲ್ಲೇ ಇದು ಸಿಕ್ಕಿದ್ದು ಅದೃಷ್ಟ ಅಂತ ನಾನು ಹೇಳಲ್ಲ. ಕಂಪನಿಯ ಬೆನ್ನುಬಲ ಅದು.

ಅಲ್ಲಿಂದ 1979ರಲ್ಲಿ ತೀರಿಕೊಳ್ಳುವವರೆಗೆ ಇಪ್ಪತ್ತೈದು ವರ್ಷ, ಇನ್ನೂರೈವತ್ತಕ್ಕೂ ಹೆಚ್ಚು ಸಿನಿಮಾ. ವರ್ಷಕ್ಕೆ ಹತ್ತು. ನಿರ್ಮಾಪಕರು ಮೊದಲು ನರಸಿಂಹರಾಜು ಕಾಲ್‌ಶೀಟ್ ಇದೆಯಾ ಅಂತ ನೋಡಿಕೊಂಡು ಆಮೇಲೆ ಹೀರೋ ಹತ್ತಿರ ಹೋಗುತ್ತಿದ್ದರು ಅನ್ನೋ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಪೌರಾಣಿಕದಲ್ಲಿ ಅವರಿದ್ದರು, ಚರಿತ್ರೆಯ ಕಥೆಯಲ್ಲಿ ಅವರಿದ್ದರು. 1968ರಲ್ಲಿ 'ಜೇಡರ ಬಲೆ' ಬಂದು ಕನ್ನಡಕ್ಕೆ ಪತ್ತೇದಾರಿ ಸಿನಿಮಾದ ಹುಚ್ಚು ಹಿಡಿದಾಗ, ಕೋಟು ಬೂಟು ಬಂದೂಕುಗಳ ನಡುವೆಯೂ ಅವರಿದ್ದರು. 1970ರ 'ಶ್ರೀಕೃಷ್ಣದೇವರಾಯ'ದಲ್ಲಿ ತೆನಾಲಿ ರಾಮಕೃಷ್ಣ. 1974ರಲ್ಲಿ ತಾವೇ ದುಡ್ಡು ಹಾಕಿ 'ಪ್ರೊಫೆಸರ್ ಹುಚ್ಚೂರಾಯ' ಮಾಡಿ, ಹುಚ್ಚೂರಾಯ ತಾವೇ ಆದರು.

ಅದಕ್ಕೂ ಮುಂಚೆ, ಸಿನಿಮಾದವರ ಹೊಟ್ಟೆಪಾಡು ಕಷ್ಟವಾಗಿದ್ದ ಕಾಲದಲ್ಲಿ, ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ನರಸಿಂಹರಾಜು ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರಿಗೆ ಹೋಗಿ ನಾಟಕ ಆಡಿದರು. ಆಮೇಲೆ 1960ರ 'ರಣಧೀರ ಕಂಠೀರವ'ವನ್ನು ಅದೇ ಸಂಘದಿಂದ ತಯಾರಿಸಿದರು. ಕಷ್ಟ ಬಂದಾಗ ಮತ್ತೆ ಸ್ಟೇಜಿಗೇ ಹೋಗಿ ನಿಂತರು ನೋಡಿ. ಕಂಪನಿಯ ಹುಡುಗರಿಗೆ ಗೊತ್ತಿದ್ದ ದಾರಿ ಅದೊಂದೇ.

ಆದರೆ ನನಗೆ ನರಸಿಂಹರಾಜು ಅಂದರೆ 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕ.

ಕಥೆ ಎಲ್ಲರಿಗೂ ಗೊತ್ತು. ರಾಜ್ಯ ಕಳೆದುಕೊಂಡ ಹರಿಶ್ಚಂದ್ರ ವಿಶ್ವಾಮಿತ್ರನಿಗೆ ಇನ್ನೂ ಸಾಲ ತೀರಿಸಬೇಕು. ವಸೂಲಿಗೆ ವಿಶ್ವಾಮಿತ್ರ ತನ್ನ ಶಿಷ್ಯನನ್ನು ಹಿಂದೆ ಕಳಿಸುತ್ತಾನೆ. ಅವನೇ ನಕ್ಷತ್ರಿಕ. ರಾಘವಾಂಕನ ಕಾವ್ಯದಿಂದ ಬಂದವನು. ಎಷ್ಟು ಕಾಟ ಕೊಟ್ಟ ಅಂದರೆ, ಇವತ್ತಿಗೂ ಬೆನ್ನು ಬಿಡದೆ ಪೀಡಿಸುವವರನ್ನು ನಾವು ನಕ್ಷತ್ರಿಕ ಅಂತಲೇ ಕರೆಯೋದು. ಕಂತು ಕಟ್ಟಿಲ್ಲ ಅಂತ ಫೈನಾನ್ಸಿನ ಹುಡುಗ ಬಾಗಿಲಲ್ಲಿ ಕೂತಾಗ ನಮ್ಮಜ್ಜಿ ಹೇಳುತ್ತಿದ್ದದ್ದೂ ಇದನ್ನೇ. "ಬಂದ ನೋಡು ನಕ್ಷತ್ರಿಕ."

ಈ ಪಾತ್ರ ಎಷ್ಟು ಕಷ್ಟದ್ದು ಅಂತ ಯೋಚಿಸಿ. ಹಿಂದೆ ಉದಯಕುಮಾರ್ ಅವರ ವಿಶ್ವಾಮಿತ್ರನ ಗುಡುಗು. ಮುಂದೆ ರಾಜ್‌ಕುಮಾರ್, ಪಂಢರೀಬಾಯಿ ಅವರ ಕಣ್ಣೀರು. ನಡುವೆ ಒಬ್ಬ ತೆಳ್ಳನೆಯ ಮನುಷ್ಯ, ನಗಿಸಬೇಕು. ಜಾಸ್ತಿ ನಗಿಸಿದರೆ ಹರಿಶ್ಚಂದ್ರನ ಕಷ್ಟ ತಮಾಷೆಯಾಗಿಬಿಡುತ್ತದೆ. ಕಮ್ಮಿ ನಗಿಸಿದರೆ ನಕ್ಷತ್ರಿಕ ಬರೀ ರಾಕ್ಷಸನಾಗುತ್ತಾನೆ, ಮೂರು ಗಂಟೆ ಗೋಳು ನೋಡಲು ಯಾರಿಂದಲೂ ಆಗಲ್ಲ. ನರಸಿಂಹರಾಜು ಎರಡರ ನಡುವೆ ನಡೆಯುತ್ತಾರೆ. ಅವರ ಗೊಣಗಾಟಕ್ಕೆ ನಗು ಬರುತ್ತದೆ. ನಗುತ್ತಿದ್ದ ಹಾಗೆ ಆ ಮಗು ಕಣ್ಣಿಗೆ ಬಿದ್ದು, ನಕ್ಕಿದ್ದಕ್ಕೆ ನಮಗೇ ಹೇಗೋ ಆಗುತ್ತದೆ. ಒಂದು ಕಿವಿ ಹಿಂದೆ ಇದೆ. ರಾಜನ ದುಃಖ ಎಲ್ಲಿಗೆ ಬಂತು, ಯಾವಾಗ ತಾನು ಬಾಯಿ ಮುಚ್ಚಬೇಕು ಅಂತ ಅವರು ಕೇಳಿಸಿಕೊಳ್ಳುತ್ತಲೇ ಇದ್ದಾರೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ. ಇದೇ ಕಥೆಯಲ್ಲಿ ಹಿಂದೊಮ್ಮೆ ಲೋಹಿತಾಶ್ವನಾಗಿ ಅತ್ತಿದ್ದ ಹುಡುಗ ನಲವತ್ತು ದಾಟಿದ ಮೇಲೆ ಅದೇ ಲೋಹಿತಾಶ್ವನನ್ನು ಅಳಿಸಲು ಬಂದಿದ್ದಾನೆ. ಎಲ್ಲಿ ನೋಯುತ್ತದೆ ಅಂತ ಅವರಿಗೆ ಗೊತ್ತಿತ್ತು.

ಅವರನ್ನು ಕನ್ನಡದ ಚಾಪ್ಲಿನ್ ಅಂತ ಕರೆಯೋದು ನನಗೆ ಇಷ್ಟ ಇಲ್ಲ. ಹೊಗಳಿಕೆಗೇ ಹೇಳುತ್ತಾರೆ, ಸರಿ. ಆದರೆ ಚಾಪ್ಲಿನ್ ಸಿನಿಮಾದಲ್ಲಿ ಕಥೆಯೆಲ್ಲ ಚಾಪ್ಲಿನ್ ಸುತ್ತಲೇ. ನರಸಿಂಹರಾಜು ಅವರಿಗೆ ಅಂಥ ಜಾಗ ಸಿಕ್ಕಿದ್ದು ಎಲ್ಲೋ ಅಪರೂಪಕ್ಕೆ. ಮಿಕ್ಕಂತೆ ಬೇರೆಯವರ ಕಥೆಯ ಪಕ್ಕದಲ್ಲಿ ಮೂರು ಅಡಿ ಜಾಗ. ಅಲ್ಲಿ ನಿಂತು ಅಷ್ಟು ದೊಡ್ಡ ಬದುಕು ಮಾಡಿದರಲ್ಲ, ಅದಕ್ಕೆ ಹೋಲಿಕೆ ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ.

ಹತ್ತಿರದಲ್ಲೇ ಇದೆ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ರೈಲು ಹತ್ತಿ. ತುಮಕೂರು ಆದ ಮೇಲೆ ಗುಬ್ಬಿ. ಆಮೇಲೆ ತಿಪಟೂರು. ಅದಾದ ಮೇಲೆ ಅರಸೀಕೆರೆ, ಅದು ಬಾಲಕೃಷ್ಣ ಅವರ ಊರು. ನರಸಿಂಹರಾಜು ಬಾಲಕೃಷ್ಣ ಜೋಡಿ ಎರಡು ಮೂರು ಸ್ಟೇಷನ್ನಿನ ಅಳತೆಯಲ್ಲಿ ಹುಟ್ಟಿದ್ದು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿ ತಮ್ಮ ಮಾತು ಶುರು ಮಾಡುತ್ತಿದ್ದರು. ಇವರಿಬ್ಬರೂ ಎದುರುಬದುರು ನಿಂತ ಸೀನನ್ನು ಇನ್ನೊಮ್ಮೆ ನೋಡಿ. ಒಬ್ಬರ ಮಾತು ಮುಗಿಯುತ್ತಿದ್ದ ಹಾಗೆ ಇನ್ನೊಬ್ಬರದು ಬಂದು ಬೀಳುತ್ತದೆ. ಒಬ್ಬರು ಕಣ್ಣಲ್ಲಿ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಹೇಳದಿದ್ದರೆ ಗೊತ್ತೇ ಆಗಲ್ಲ.

ತಿಪಟೂರು ತಾಲ್ಲೂಕಿನ ನೊಣವಿನಕೆರೆಯವರು ಉಮಾಶ್ರೀ. ಸಿನಿಮಾದಲ್ಲಿ ಅವರಿಗೆ ಎಷ್ಟೋ ವರ್ಷ ಸಿಕ್ಕಿದ್ದು ಹಾಸ್ಯ, ಅದೂ ಎರಡರ್ಥದ ಮಾತಿನ ಹಾಸ್ಯ. ಅದೇ ಹೊತ್ತಿಗೆ ಸ್ಟೇಜಿನಲ್ಲಿ 'ಒಡಲಾಳ'ದ ಸಾಕವ್ವನಾಗಿ ಜನರ ಕರುಳು ಹಿಂಡುತ್ತಿದ್ದರು. ಆಮೇಲೆ 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಬಂತು. ಆಗ ಪೇಪರಿನವರು ಹಾಸ್ಯನಟಿಯ ಇನ್ನೊಂದು ಮುಖ ಅಂತೇನೋ ಬರೆದ ನೆನಪು. ಇನ್ನೊಂದು ಮುಖ ಎಲ್ಲಿಂದ ಬಂತು? ಇದ್ದದ್ದೇ ಅದು. ನಗಿಸಲು ಬರುವವರಿಗೆ ಅಳಿಸುವುದು ಬರುತ್ತದೆ, ನಾನು ಕಂಡ ಹಾಗೆ. ಅಳಿಸುವವರೆಲ್ಲ ನಗಿಸಬಲ್ಲರು ಅಂತ ಹೇಳಲು ಮಾತ್ರ ನನಗೆ ಧೈರ್ಯ ಇಲ್ಲ. ನಮ್ಮೂರ ದುರ್ಯೋಧನನನ್ನು ನೋಡಿದ್ದೇನೆ.

ತಾತ ತೀರಿಕೊಂಡು ಬಹಳ ವರ್ಷ ಆಯಿತು. ಅವರು ಕಂಪನಿ ನಾಟಕ ನೋಡಲು ಹೋಗುತ್ತಿದ್ದದ್ದನ್ನು ಅಜ್ಜಿ ಆಮೇಲೆ ಹೇಳಿದರು. ತಿಪಟೂರಿನಲ್ಲಿ ಕಂಪನಿ ಕ್ಯಾಂಪ್ ಹಾಕಿದರೆ ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದು ಪಾಲು ಅಲ್ಲೇ ಹೋಗುತ್ತಿತ್ತಂತೆ. ರಾತ್ರಿಯೆಲ್ಲ ನಾಟಕ ನೋಡಿ, ಬೆಳಿಗ್ಗೆ ಬಂದು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಹಾಸ್ಯದ ಭಾಗ ಮಾತ್ರ ಪೂರ್ತಿ ಒಪ್ಪಿಸುತ್ತಿದ್ದರಂತೆ. ರಾಜ ಏನಂದ ಅಂತ ಅಜ್ಜಿ ಕೇಳಿದರೆ, "ಅವ್ನು ಏನೋ ಹಾಡ್ದ, ಉದ್ದಕ್ಕೆ" ಅನ್ನುತ್ತಿದ್ದರಂತೆ.

ಈ ಸಲದ ಜಾತ್ರೆಗೂ ಕುರುಕ್ಷೇತ್ರವೇ. ಮೇಷ್ಟ್ರು ಫೋನ್ ಮಾಡಿ, "ಸಾತ್ಯಕಿ ಖಾಲಿ ಇದೆ, ಹೋದ ಸಲದ್ದೇ ರೇಟು" ಅಂದರು. ಪಾತ್ರ ಬೇಡ, ಹಿಂದೆ ರಥದ ಕೆಲಸ ಕೊಡಿ ಅಂದೆ. ಅವರಿಗೆ ಆಶ್ಚರ್ಯ. ಅದಕ್ಕೆ ಯಾರೂ ದುಡ್ಡು ಕೊಟ್ಟು ಬರಲ್ಲ.

ಬಣ್ಣದ ಅಜ್ಜ ಈಗ ಇಲ್ಲ. ಅವರ ಜಾಗಕ್ಕೆ, ಮುಂದೆ ನಿಲ್ಲಲು, ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಹುಡುಗನನ್ನು ಹಾಕಿದ್ದರು. ಚೆನ್ನಾಗಿ ಮಾತಾಡುತ್ತಾನೆ, ಆದರೆ ನಿಲ್ಲಿಸಲು ಬರಲ್ಲ. ಬೀದಿ ಪರದೆ ಬಿಟ್ಟರು. ಅವನು ಮುಂದೆ ಹೋದ. ನಾನು ಹಿಂದೆ, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಕೃಷ್ಣ ಈ ಸಲ ಇನ್ನೂ ದಪ್ಪಗಾಗಿದ್ದರು. ಬಟ್ಟೆಯ ಆ ಕಡೆಯಿಂದ ಒಂದು ಸಲ ನಗು ಬಂತು. ಇನ್ನೊಂದು ಸಲ ಬಂತು. ಕೊನೆಯ ಮೊಳೆಗೆ ಬೇಕಾದ್ದಕ್ಕಿಂತ ಎರಡು ಏಟು ಜಾಸ್ತಿಯೇ ಹೊಡೆದು, ಸುತ್ತಿಗೆ ಕೆಳಗಿಟ್ಟೆ.

ಆ ಕಡೆ ಅವನ ಮಾತು ಒಂದು ಗಳಿಗೆ ತಡೆಯಿತು.